ಕಡಲಿನ ಬಣ್ಣ

ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿ ನದಿಯ ನೀರು ಆಷಾಢದ ಮಳೆಯಲ್ಲಿ ಕೆಮ್ಮಣ್ಣು ಕದಡಿ ಕೆಂಪಾಗಿರುತ್ತದೆ. ಮಳೆ ನಿಂತು ಚಳಿ ತಲೆದೋರುವ ಹೊತ್ತಿಗೆ ಅದೇ ನೀರು ತಳದ ಕಲ್ಲುಗಳು ಕಾಣುವಷ್ಟು ತಿಳಿಯಾಗುತ್ತದೆ. ಬೊಗಸೆಯಲ್ಲಿ ಹಿಡಿದು ನೋಡಿದರೆ ಅದಕ್ಕೆ ಬಣ್ಣವೇ ಇಲ್ಲ. ಆದರೆ ಇದೇ ನದಿ ಮಂಗಳೂರಿನ ಬಳಿ ಸೇರುವ ಕಡಲು ದಡದಿಂದ ದೂರ ಹೋದಷ್ಟೂ ನೀಲಿಯಾಗಿ ಕಾಣುತ್ತದೆ. ಬಣ್ಣವಿಲ್ಲದ ನೀರು ರಾಶಿಯಾಗಿ ಸೇರಿದೊಡನೆ ಅದಕ್ಕೆ ಬಣ್ಣ ಎಲ್ಲಿಂದ ಬಂದಿತು? ಕಡಲನ್ನು ಕಂಡವರೆಲ್ಲರ ಮನಸ್ಸಿನಲ್ಲಿಯೂ ಒಮ್ಮೆಯಾದರೂ ಸುಳಿದಿರಬಹುದಾದ ಪ್ರಶ್ನೆ ಇದು. ಸುಳಿದ ಪ್ರಶ್ನೆಯನ್ನು ಬಿಡದೆ ಹಿಡಿದು, ಏಳು ವರ್ಷಗಳ ಕಾಲ ಅದರ ಬೆನ್ನು ಹತ್ತಿ, ಕೊನೆಗೆ ಜಗತ್ತೇ ಬೆರಗಾಗುವಂತಹ ಸತ್ಯವೊಂದನ್ನು ಕಂಡುಕೊಂಡವರು ಚಂದ್ರಶೇಖರ ವೆಂಕಟರಾಮನ್. ಸರ್ ಸಿ. ವಿ. ರಾಮನ್ ಎಂಬ ಹೆಸರಿನಿಂದ ಅವರು ಲೋಕವಿಖ್ಯಾತರು. ತಮ್ಮ ಬಾಳಿನ ಕೊನೆಯ ಮೂವತ್ತೇಳು ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು.

ರಾಮನ್ ಜನಿಸಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಂದಿ ಮಕ್ಕಳಲ್ಲಿ ರಾಮನ್ ಎರಡನೆಯವರು. ಬಾಲಕನಿಗೆ ನಾಲ್ಕು ವರ್ಷ ತುಂಬುವ ವೇಳೆಗೆ ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಅಧ್ಯಾಪಕರ ಹುದ್ದೆ ದೊರೆಯಿತು. ಗಣಿತ, ಭೌತಶಾಸ್ತ್ರಗಳನ್ನು ಬೋಧಿಸುತ್ತಿದ್ದ ಅವರಿಗೆ ಪಿಟೀಲು ನುಡಿಸುವ ಹವ್ಯಾಸವಿತ್ತು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ತಂತಿಯ ನಾದ, ನಡುವೆ ಪುಸ್ತಕಗಳು. ರಾಮನ್ನರ ಮುಂದಿನ ಆಸಕ್ತಿಗಳೆಲ್ಲವೂ ಆ ಮನೆಯಲ್ಲಿಯೇ ಮೊಳೆತವೆಂದರೆ ತಪ್ಪಾಗದು.

ರಾಮನ್ ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1902ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದಾಗ ಅವರಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಕೃಶ ಶರೀರದ ಈ ಹುಡುಗ ನಿಜವಾಗಿಯೂ ಬಿ.ಎ. ತರಗತಿಯ ವಿದ್ಯಾರ್ಥಿಯೇ ಎಂದು ಅಧ್ಯಾಪಕರೊಬ್ಬರು ಅಚ್ಚರಿಯಿಂದ ವಿಚಾರಿಸಿದರಂತೆ. 1904ರಲ್ಲಿ ಅದೇ ಹುಡುಗ ವಿಶ್ವವಿದ್ಯಾನಿಲಯಕ್ಕೆ ಮೊದಲಿಗನಾಗಿ ಉತ್ತೀರ್ಣನಾಗಿ ಚಿನ್ನದ ಪದಕವನ್ನು ಪಡೆದನು. ಪ್ರತಿಭಾವಂತರು ಉನ್ನತ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ತೆರಳುವುದು ಆ ಕಾಲದ ರೂಢಿ. ಆದರೆ ರಾಮನ್ನರನ್ನು ಪರೀಕ್ಷಿಸಿದ ವೈದ್ಯರು ಅಲ್ಲಿನ ಚಳಿಯನ್ನು ಈ ದೇಹ ತಾಳದು ಎಂದು ತೀರ್ಪಿತ್ತರು. ಹಾಗಾಗಿ ಅವರು ಮದರಾಸಿನಲ್ಲಿಯೇ ಎಂ.ಎ. ವ್ಯಾಸಂಗ ಮುಂದುವರಿಸಿದರು. ಬೆಳಕಿನ ವರ್ತನೆಯನ್ನು ಕುರಿತ ಅವರ ಮೊದಲ ಸಂಶೋಧನಾ ಲೇಖನವು 1906ರಲ್ಲಿ ಲಂಡನ್ನಿನ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಬರೆದವನು ಹದಿನೆಂಟು ವರ್ಷದ ವಿದ್ಯಾರ್ಥಿಯೆಂಬುದನ್ನು ಅಲ್ಲಿನ ವಿದ್ವಾಂಸರು ಊಹಿಸಿರಲಾರರು.

ಆದರೆ ವಿಜ್ಞಾನವನ್ನು ನಂಬಿ ಬದುಕುವ ಅವಕಾಶ ಆಗಿನ ಭಾರತದಲ್ಲಿ ಇರಲಿಲ್ಲ. ಬುದ್ಧಿವಂತ ತರುಣರಿಗೆ ತೆರೆದಿದ್ದುದು ಸರಕಾರಿ ನೌಕರಿಯ ಬಾಗಿಲೊಂದೇ. 1907ರಲ್ಲಿ ರಾಮನ್ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆಗೆ ಕುಳಿತು ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಅದೇ ವರ್ಷ ಲೋಕಸುಂದರಿಯವರೊಡನೆ ಅವರ ವಿವಾಹವಾಯಿತು. ಹತ್ತೊಂಬತ್ತು ವರ್ಷವೂ ತುಂಬದ ಆ ತರುಣ ಪತ್ನಿಸಮೇತನಾಗಿ ಕಲ್ಕತ್ತೆಗೆ ತೆರಳಿ, ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಯನ್ನು ವಹಿಸಿಕೊಂಡನು. ಕೈತುಂಬ ಸಂಬಳ, ಸಮಾಜದಲ್ಲಿ ಗೌರವ, ನಿಶ್ಚಿಂತೆಯ ಬಾಳು. ಇನ್ನೊಬ್ಬರಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಕಛೇರಿಗೆ ಟ್ರಾಮಿನಲ್ಲಿ ಓಡಾಡುತ್ತಿದ್ದ ರಾಮನ್ನರ ಕಣ್ಣಿಗೆ ಒಂದು ದಿನ ಬೌಬಜಾರ್ ಬೀದಿಯ ಕಟ್ಟಡವೊಂದರ ನಾಮಫಲಕ ಬಿದ್ದಿತು. ಅದು ವಿಜ್ಞಾನ ವ್ಯಾಸಂಗಕ್ಕಾಗಿ ಸ್ಥಾಪಿತವಾದ ಭಾರತೀಯ ಸಂಘದ ಫಲಕ. ವೈದ್ಯರಾದ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸಾರ್ವಜನಿಕರ ದೇಣಿಗೆಯಿಂದ ಅದನ್ನು ಕಟ್ಟಿದ್ದರು. ಭಾರತೀಯರು ತಮ್ಮದೇ ಪ್ರಯೋಗಶಾಲೆಯಲ್ಲಿ ಸ್ವತಂತ್ರವಾಗಿ ಸಂಶೋಧನೆ ಮಾಡಬೇಕೆಂಬುದು ಅವರ ಕನಸು. ಪ್ರಯೋಗಶಾಲೆಯೇನೋ ಸಿದ್ಧವಾಯಿತು, ಅದರೊಳಗೆ ದುಡಿಯುವ ಸಂಶೋಧಕರು ಬರಲಿಲ್ಲ. ಆ ನೋವಿನಲ್ಲಿಯೇ ಸರ್ಕಾರರು ತೀರಿಕೊಂಡಿದ್ದರು. ರಾಮನ್ ಅಲ್ಲಿಗೆ ಹೋಗಿ ಪ್ರಯೋಗ ನಡೆಸಲು ಅನುಮತಿ ಬೇಡಿದಾಗ, ಅಂತಹ ಒಬ್ಬನಿಗಾಗಿ ವರ್ಷಗಟ್ಟಲೆ ಕಾದಿದ್ದ ಮಹೇಂದ್ರಲಾಲರ ಪುತ್ರ ಅಮೃತಲಾಲರು ಬಾಗಿಲನ್ನು ತೆರೆದುಕೊಟ್ಟರು.

ಅಂದಿನಿಂದ ರಾಮನ್ನರ ದಿನಚರಿಯೇ ಬದಲಾಯಿತು. ಮುಂಜಾನೆ ಪ್ರಯೋಗಶಾಲೆ, ಹಗಲು ಕಛೇರಿಯ ಲೆಕ್ಕಪತ್ರ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದ ಕಾಲವನ್ನು ಬಿಟ್ಟರೆ ಹತ್ತು ವರ್ಷಗಳ ಕಾಲ ಈ ಎರಡು ಬಾಳು ಒಟ್ಟೊಟ್ಟಿಗೆ ನಡೆದವು. ಅಶುತೋಷ್ ದೇ ಎಂಬ ಸಹಾಯಕರು ನೆರಳಿನಂತೆ ಅವರ ಜೊತೆಗಿದ್ದರು. ಮೊದಮೊದಲು ರಾಮನ್ ಕೈಗೊಂಡದ್ದು ಪಿಟೀಲು, ವೀಣೆ, ಮೃದಂಗ ಮೊದಲಾದ ವಾದ್ಯಗಳ ಅಧ್ಯಯನವನ್ನು. ಬರಿಯ ಚರ್ಮವನ್ನು ಬಿಗಿದ ವಾದ್ಯದಲ್ಲಿ ಸದ್ದು ಹುಟ್ಟುತ್ತದೆಯೇ ಹೊರತು ಇಂಪಾದ ಸ್ವರ ಹುಟ್ಟುವುದಿಲ್ಲ. ಆದರೆ ಮೃದಂಗದಲ್ಲಿ, ಯಕ್ಷಗಾನದ ಮದ್ದಳೆಯಲ್ಲಿಯೂ ಕಾಣುವಂತೆ, ಚರ್ಮದ ನಡುವೆ ಕರಣೆ ಎಂಬ ಕಪ್ಪು ಲೇಪವಿರುತ್ತದೆ. ಆ ಲೇಪದ ಭಾರವೇ ಚರ್ಮದ ಕಂಪನಗಳನ್ನು ಹದಗೊಳಿಸಿ ನಾದಕ್ಕೆ ತಂತಿವಾದ್ಯದ ಗುಣವನ್ನು ಕೊಡುತ್ತದೆಂಬುದನ್ನು ರಾಮನ್ ತೋರಿಸಿದರು. ನಮ್ಮ ಹಿಂದಿನ ಕುಶಲಕರ್ಮಿಗಳ ಜಾಣ್ಮೆಗೆ ವಿಜ್ಞಾನದ ಮನ್ನಣೆ ದೊರೆತದ್ದು ಹೀಗೆ.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಹೆಸರಾಂತ ಅಶುತೋಷ್ ಮುಖರ್ಜಿಯವರ ಆಹ್ವಾನದ ಮೇರೆಗೆ ರಾಮನ್ ಅಲ್ಲಿ ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದರು. ಸರಕಾರಿ ಹುದ್ದೆಯಲ್ಲಿ ಬರುತ್ತಿದ್ದ ಸಂಬಳ ಇಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಇಲಾಖೆಯಲ್ಲಿ ಇನ್ನೂ ಮೇಲೇರುವ ದಾರಿ ಅವರಿಗೆ ತೆರೆದಿತ್ತು. ಅದೆಲ್ಲವನ್ನೂ ಬಿಟ್ಟು ಬರಲು ಅವರು ಹಿಂಜರಿಯಲಿಲ್ಲ. ಮನೆಯ ಖರ್ಚುವೆಚ್ಚವನ್ನು ಸರಿದೂಗಿಸಬೇಕಾಗಿದ್ದ ಲೋಕಸುಂದರಿಯವರೂ ಈ ನಿರ್ಧಾರಕ್ಕೆ ಹೆಗಲು ಕೊಟ್ಟರೆಂಬುದನ್ನು ಇಲ್ಲಿ ನೆನೆಯಬೇಕು.

1921ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ರಾಮನ್ ಸಮುದ್ರಯಾನ ಮಾಡಿದರು. ಹಿಂದಿರುಗುವಾಗ ಅವರು ಏರಿದ್ದುದು ನಾರ್ಕುಂಡ ಎಂಬ ಹಡಗನ್ನು. ಮೆಡಿಟರೇನಿಯನ್ ಸಮುದ್ರದ ಅಚ್ಚ ನೀಲಿ ಅವರನ್ನು ಸೆರೆಹಿಡಿಯಿತು. ಕಡಲಿನ ನೀಲಿ ಕಡಲಿನದಲ್ಲ, ಅದು ನೀರಿನಲ್ಲಿ ಪ್ರತಿಫಲಿಸಿದ ಆಕಾಶದ ನೀಲಿ ಎಂದು ಇಂಗ್ಲೆಂಡಿನ ಮಹಾವಿಜ್ಞಾನಿ ಲಾರ್ಡ್ ರೇಲೀ ಹೇಳಿದ್ದರು. ಆಕಾಶವೇಕೆ ನೀಲಿ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರೇ ಅವರು. ಸೂರ್ಯನ ಬೆಳಕು ವಾಯುಮಂಡಲದ ಅಣುಗಳಿಗೆ ತಾಗಿ ಎಲ್ಲ ಕಡೆಗೂ ಚದುರುತ್ತದೆ. ಹಾಗೆ ಚದುರುವಾಗ ಕೆಂಪಿಗಿಂತ ನೀಲಿಯ ಪಾಲು ಬಹಳ ಹೆಚ್ಚು. ಇಂತಹವರು ಆಡಿದ ಮಾತನ್ನು ಪ್ರಶ್ನಿಸುವವರು ಯಾರು?

ರಾಮನ್ನರ ಜೇಬಿನಲ್ಲಿ ನಿಕೋಲ್ ಪಟ್ಟಕವೆಂಬ ಪುಟ್ಟ ಉಪಕರಣವೊಂದಿತ್ತು. ಒಂದು ನಿರ್ದಿಷ್ಟ ಕೋನದಿಂದ ನೋಡಿದಾಗ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಇಂತಹ ಪಟ್ಟಕದಿಂದ ತಡೆದುಬಿಡಬಹುದು. ಕಡಲಿನ ನೀಲಿ ಕೇವಲ ಆಕಾಶದ ಪ್ರತಿಬಿಂಬವಾಗಿದ್ದರೆ, ಆಗ ಅದು ಮಾಯವಾಗಬೇಕು. ಹಡಗಿನ ಅಟ್ಟದ ಮೇಲೆ ನಿಂತು ರಾಮನ್ ಪಟ್ಟಕವನ್ನು ಕಣ್ಣಿಗೆ ಹಿಡಿದು ನೋಡಿದರು. ನೀಲಿ ಮಾಯವಾಗಲಿಲ್ಲ, ಬದಲಾಗಿ ಮೇಲಿನ ಹೊಳಪು ಹೋಗಿ ಇನ್ನಷ್ಟು ಗಾಢವಾಗಿ ಕಾಣಿಸಿತು. ಬಣ್ಣ ನೀರಿನೊಳಗಿನಿಂದಲೇ ಬರುತ್ತಿತ್ತು. ಗಾಳಿಯ ಅಣುಗಳಂತೆ ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆಂದು ರಾಮನ್ ತರ್ಕಿಸಿದರು. ನೀರು ಕೆಂಪು ಬೆಳಕನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುವುದೂ ಈ ನೀಲಿಗೆ ಮುಖ್ಯ ಕಾರಣವೆಂಬುದು ಇಂದು ತಿಳಿದಿದೆ. ಆದರೆ ಕಡಲು ಆಕಾಶದ ಬರಿಯ ಕನ್ನಡಿಯಲ್ಲವೆಂಬ ರಾಮನ್ನರ ತೀರ್ಮಾನಕ್ಕೆ ಅದರಿಂದ ಕುಂದಿಲ್ಲ. ಹಡಗು ಮುಂಬಯಿ ಬಂದರನ್ನು ಮುಟ್ಟುವ ಹೊತ್ತಿಗೆ ಅವರ ಲೇಖನ ಸಿದ್ಧವಾಗಿತ್ತು. ಅಲ್ಲಿಂದಲೇ ಅದು ಇಂಗ್ಲೆಂಡಿನ ನೇಚರ್ ಪತ್ರಿಕೆಗೆ ಹೊರಟಿತು.

ಚದುರುವಿಕೆಯನ್ನು ಮನೆಯಲ್ಲಿಯೇ ನೋಡಬಹುದು. ಗಾಜಿನ ಲೋಟದ ತುಂಬ ತಿಳಿನೀರು ತೆಗೆದುಕೊಂಡು ಅದಕ್ಕೆ ಒಂದೆರಡು ತೊಟ್ಟು ಹಾಲನ್ನು ಬೆರೆಸಿ, ಕತ್ತಲೆಯ ಕೋಣೆಯಲ್ಲಿ ಒಂದು ಬದಿಯಿಂದ ಟಾರ್ಚಿನ ಬೆಳಕನ್ನು ಹಾಯಿಸಬೇಕು. ಪಕ್ಕದಿಂದ ನೋಡಿದರೆ ನೀರು ತುಸು ನೀಲಿಛಾಯೆಯಿಂದ ಕೂಡಿರುತ್ತದೆ. ಟಾರ್ಚಿನ ಎದುರು ಬದಿಯಿಂದ ನೋಡಿದರೆ ಬೆಳಕು ಹಳದಿಯಾಗಿ, ಹಾಲು ಇನ್ನೂ ಕೊಂಚ ಹೆಚ್ಚಾದರೆ ಸಂಜೆಯ ಸೂರ್ಯನಂತೆ ಕೆಂಪಾಗಿ ತೋರುತ್ತದೆ. ಹಾಲಿನ ಕಣಗಳು ನೀರಿನ ಅಣುಗಳಿಗಿಂತ ಬಹಳ ದೊಡ್ಡವು. ಆದುದರಿಂದ ಬರಿಗಣ್ಣಿಗೆ ಇಷ್ಟು ಸುಲಭವಾಗಿ ಕಾಣುತ್ತದೆ. ಶುದ್ಧ ನೀರಿನಲ್ಲಿ ಆಗುವ ಚದುರುವಿಕೆ ಇದಕ್ಕಿಂತ ಎಷ್ಟೋ ಪಾಲು ಕ್ಷೀಣ. ಅದನ್ನು ಹಿಡಿಯಲು ತೀವ್ರವಾದ ಬೆಳಕು ಬೇಕು, ಧೂಳಿನ ಸೋಂಕೂ ಇಲ್ಲದ ದ್ರವ ಬೇಕು, ಕತ್ತಲೆಗೆ ಪಳಗಿದ ಕಣ್ಣು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಬೇಕು.

ಕಲ್ಕತ್ತೆಗೆ ಮರಳಿದ ರಾಮನ್ ತಮ್ಮ ಶಿಷ್ಯರೊಡನೆ ಈ ಕೆಲಸಕ್ಕೆ ತೊಡಗಿದರು. ನೀರು, ಮದ್ಯಸಾರ, ಬೆಂಜೀನ್, ಗ್ಲಿಸರಿನ್, ಕೊನೆಗೆ ಮಂಜುಗಡ್ಡೆ ಮತ್ತು ಹರಳುಗಳೂ ಅವರ ಪರೀಕ್ಷೆಗೆ ಒಳಗಾದವು. 1923ರಲ್ಲಿ ಕೆ. ಆರ್. ರಾಮನಾಥನ್ ಎಂಬ ಶಿಷ್ಯರು ನೀರಿನ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ವಿಚಿತ್ರವೊಂದನ್ನು ಕಂಡರು. ಅವರ ಪ್ರಯೋಗದ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಏಕೆಂದರೆ ಮುಂದಿನ ಮಹಾಶೋಧನೆಯ ಬೀಜ ಇಲ್ಲಿದೆ.

ಸೂರ್ಯನ ಬೆಳಕು ಬರುವ ದಾರಿಯಲ್ಲಿ ನೀಲಿ-ನೇರಳೆ ಗಾಜನ್ನು ಇಟ್ಟರೆ, ಅದು ಆ ಬಣ್ಣವೊಂದನ್ನು ಮಾತ್ರ ಒಳಬಿಟ್ಟು ಉಳಿದವನ್ನು ತಡೆಯುತ್ತದೆ. ಇಂತಹ ಗಾಜಿಗೆ ವರ್ಣಶೋಧಕವೆಂದು ಹೆಸರು. ಈಗ ದ್ರವದ ಮೇಲೆ ಬೀಳುವುದು ನೀಲಿ-ನೇರಳೆ ಬೆಳಕು ಮಾತ್ರ. ನೋಡುವವನು ತನ್ನ ಕಣ್ಣಿನ ಮುಂದೆ ಹಳದಿ-ಹಸಿರು ಗಾಜನ್ನು ಹಿಡಿಯುತ್ತಾನೆ. ಅದು ನೀಲಿ-ನೇರಳೆಯನ್ನು ಸಂಪೂರ್ಣವಾಗಿ ತಡೆಯುತ್ತದೆ. ದ್ರವವು ತನ್ನ ಮೇಲೆ ಬಿದ್ದ ಬೆಳಕನ್ನು ಬಣ್ಣಗೆಡಿಸದೆ ಚದುರಿಸಿದರೆ ಕಣ್ಣಿಗೆ ಕಾಣಬೇಕಾದುದು ಬರಿಯ ಕತ್ತಲೆ. ಬಳೆ ಅಂಗಡಿಯಲ್ಲಿ ಸಿಗುವ ನೀಲಿ ಮತ್ತು ಹಳದಿ ಬಣ್ಣದ ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ದೀಪದ ಕಡೆ ನೋಡಿದರೆ ಈ ತತ್ತ್ವ ಒಂದಿಷ್ಟು ಮನದಟ್ಟಾದೀತು. ಆದರೆ ರಾಮನಾಥನ್ ನೋಡಿದಾಗ ಪೂರ್ಣ ಕತ್ತಲೆಯಿರಲಿಲ್ಲ. ಅತಿ ಮಸುಕಾದ ಬೆಳಕಿನ ಎಳೆಯೊಂದು ಎರಡನೆಯ ಗಾಜನ್ನೂ ದಾಟಿ ಬರುತ್ತಿತ್ತು. ಒಳಗೆ ಹೋಗದ ಬಣ್ಣ ಹೊರಗೆ ಬಂದುದು ಹೇಗೆ?

ದ್ರವದಲ್ಲಿ ಯಾವುದೋ ಕಲ್ಮಷವಿರಬೇಕು, ಅದು ಮಿನುಗುತ್ತಿರಬೇಕು ಎಂದು ಮೊದಲು ತೋರಿತು. ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧೀಕರಿಸಿದರೂ ಆ ಎಳೆ ಅಳಿಯಲಿಲ್ಲ. ಇಂತಹ ಕ್ಷುಲ್ಲಕ ಅಂಶವನ್ನು ಕಡೆಗಣಿಸುವುದು ಸುಲಭವಾಗಿತ್ತು. ಬೇರೆ ಪ್ರಯೋಗಶಾಲೆಗಳಲ್ಲಿ ಕಡೆಗಣಿಸಿಯೂ ಇರಬಹುದು. ರಾಮನ್ ಅದನ್ನು ಮರೆಯಲಿಲ್ಲ. 1927ರ ಕೊನೆಯಲ್ಲಿ ಅಮೆರಿಕದ ಕಾಂಪ್ಟನ್ನರಿಗೆ ನೊಬೆಲ್ ಬಹುಮಾನ ಬಂದ ಸುದ್ದಿ ತಲಪಿತು. ಕ್ಷಕಿರಣಗಳು ಎಲೆಕ್ಟ್ರಾನುಗಳಿಗೆ ತಾಗಿ ಚದುರುವಾಗ ಅವುಗಳ ತರಂಗದೂರ ಬದಲಾಗುತ್ತದೆಂದು ಕಾಂಪ್ಟನ್ 1923ರಲ್ಲಿ ತೋರಿಸಿದ್ದರು. ಸಾಮಾನ್ಯ ಬೆಳಕಿಗೂ ಅಂತಹುದೇ ಒಂದು ಗತಿ ಇರಬಾರದೇಕೆ ಎಂಬ ಆಲೋಚನೆ ರಾಮನ್ನರಲ್ಲಿ ಬಲಿಯಿತು.

1928ರ ಆರಂಭದಲ್ಲಿ ಅವರು ತಮ್ಮ ಪ್ರತಿಭಾವಂತ ಶಿಷ್ಯ ಕೆ. ಎಸ್. ಕೃಷ್ಣನ್ನರನ್ನು ಈ ಕೆಲಸಕ್ಕೆ ಹಚ್ಚಿದರು. ಉಪಕರಣಗಳೋ, ಕೆಲವೇ ನೂರು ರೂಪಾಯಿ ಬೆಲೆಯವು. ಏಳು ಅಂಗುಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಟ್ಟುಗೂಡಿಸಿ ಪ್ರಖರವಾದ ಕಿರಣವನ್ನು ಮಾಡಿಕೊಂಡರು. ಆಕಾಶದಲ್ಲಿ ನಕ್ಷತ್ರಗಳನ್ನು ಹುಡುಕಲೆಂದು ಮಾಡಿದ ಮಸೂರ ಇಲ್ಲಿ ಅಣುಗಳನ್ನು ಕೆಣಕಲು ಒದಗಿತು. ಸುಮಾರು ಅರವತ್ತು ಬಗೆಯ ದ್ರವಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದರು. ಎಲ್ಲದರಲ್ಲಿಯೂ ಆ ಎಳೆ ಕಂಡಿತು. ಕಲ್ಮಷವಾಗಿದ್ದರೆ ಎಲ್ಲ ದ್ರವಗಳಲ್ಲಿಯೂ ಅದು ಒಂದೇ ರೀತಿಯಲ್ಲಿ ಇರುವುದು ಸಾಧ್ಯವೇ? ಮೇಲಾಗಿ ಆ ಬೆಳಕು ಧ್ರುವೀಕರಣ ಹೊಂದಿತ್ತು. ಸಾಧಾರಣ ಮಿನುಗುವಿಕೆಗೆ ಈ ಗುಣ ಹೀಗೆ ಇರುವುದಿಲ್ಲ. ಫೆಬ್ರವರಿ 28ರಂದು ರೋಹಿತದರ್ಶಕದ ಮೂಲಕ ನೋಡಿದಾಗ ಸಂದೇಹಕ್ಕೆ ಎಡೆ ಉಳಿಯಲಿಲ್ಲ. ಒಳಬಿಟ್ಟ ಬಣ್ಣದ ಪಟ್ಟಿ ಒಂದು ಕಡೆ, ಕತ್ತಲೆಯ ಬಿಡುವು ನಡುವೆ, ಅದರಾಚೆಗೆ ಹೊಸದೊಂದು ಬಣ್ಣದ ಪಟ್ಟಿ. ಮರುದಿನ ಈ ಸುದ್ದಿಯನ್ನು ವಾರ್ತಾಸಂಸ್ಥೆಗೆ ತಿಳಿಸಲಾಯಿತು. 1987ರಿಂದ ಭಾರತದಲ್ಲಿ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

ಆದರೆ ಕಣ್ಣು ಕಂಡುದನ್ನು ಇನ್ನೊಬ್ಬರು ನಂಬಬೇಕಾದರೆ ಸಾಕ್ಷಿ ಬೇಕು. ಕಣ್ಣು ಆಯಾ ಕ್ಷಣದ ಬೆಳಕನ್ನು ಮಾತ್ರ ಗ್ರಹಿಸುತ್ತದೆ. ಎಷ್ಟು ಹೊತ್ತು ದಿಟ್ಟಿಸಿದರೂ ಮಸುಕಾದುದು ಮಸುಕಾಗಿಯೇ ಇರುತ್ತದೆ. ಛಾಯಾಚಿತ್ರದ ಫಲಕದ ಸ್ವಭಾವ ಬೇರೆ. ಬೆಳ್ಳಿಯ ಲವಣವನ್ನು ಲೇಪಿಸಿದ ಆ ಗಾಜು ಹನಿಹನಿಯಾಗಿ ಬಿದ್ದ ಬೆಳಕನ್ನು ಗಂಟೆಗಟ್ಟಲೆ ಕೂಡಿಡುತ್ತದೆ. ಸೋರುವ ಮಾಡಿನ ಕೆಳಗೆ ಇಟ್ಟ ಪಾತ್ರೆ ರಾತ್ರಿ ಕಳೆಯುವುದರೊಳಗೆ ತುಂಬುವಂತೆ, ಕಣ್ಣಿಗೆ ಎಟುಕದ ಬೆಳಕೂ ಅಲ್ಲಿ ಕ್ರಮೇಣ ಗುರುತು ಮೂಡಿಸುತ್ತದೆ. ರಾಮನ್ ಮತ್ತು ಕೃಷ್ಣನ್ ಸೂರ್ಯನ ಬೆಳಕಿನ ಬದಲು ಪಾದರಸದ ದೀಪವನ್ನು ಹಚ್ಚಿದರು. ಆ ದೀಪದ ಬೆಳಕನ್ನು ಬಿಡಿಸಿದರೆ ಕೆಲವೇ ಗೆರೆಗಳು ಸ್ಪಷ್ಟವಾಗಿ, ಬೇರೆ ಬೇರೆಯಾಗಿ ನಿಲ್ಲುತ್ತವೆ. ಬೆಂಜೀನಿನಿಂದ ಚದುರಿದ ಬೆಳಕನ್ನು ಪುಟ್ಟ ರೋಹಿತಲೇಖಿಯ ಮೂಲಕ ಫಲಕದ ಮೇಲೆ ಬೀಳಿಸಿ, ದೀರ್ಘಕಾಲ ಕಾದು, ಕತ್ತಲೆಕೋಣೆಯಲ್ಲಿ ರಾಸಾಯನಿಕದಿಂದ ತೊಳೆದು ಎತ್ತಿದಾಗ, ಪಾದರಸದ ಗೆರೆಗಳ ಮಗ್ಗುಲಲ್ಲಿ ದೀಪದ ಬೆಳಕಿನಲ್ಲಿ ಇಲ್ಲದ ಹೊಸ ಗೆರೆಗಳು ಮೂಡಿದ್ದವು. ಇನ್ನು ವಾದಕ್ಕೆ ಸ್ಥಳವಿರಲಿಲ್ಲ. ಅಳತೆಗೋಲನ್ನಿಟ್ಟು ಅಳೆಯಬಹುದಾದ ಸಾಕ್ಷಿ ಅದು.

ಈ ಗೆರೆಗಳ ಅರ್ಥವೇನು? ಅಣುವಿಗೆ ಬೆಳಕು ತಾಗಿದಾಗ ಸಾಮಾನ್ಯವಾಗಿ ಅದು ಬಂದಂತೆಯೇ ಚದುರಿಹೋಗುತ್ತದೆ. ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು ಮಾತ್ರ ತನ್ನ ಶಕ್ತಿಯ ಸ್ವಲ್ಪ ಅಂಶವನ್ನು ಅಣುವಿಗೆ ಕೊಟ್ಟು, ಅದನ್ನು ಕಂಪಿಸುವಂತೆ ಮಾಡಿ, ತಾನು ತುಸು ಕೆಂಪಿನ ಕಡೆಗೆ ಸರಿಯುತ್ತದೆ. ಅದಕ್ಕಿಂತಲೂ ವಿರಳವಾಗಿ, ಮೊದಲೇ ಕಂಪಿಸುತ್ತಿದ್ದ ಅಣುವಿನಿಂದ ಶಕ್ತಿಯನ್ನು ಪಡೆದು ನೇರಳೆಯ ಕಡೆಗೆ ಸರಿಯುವುದೂ ಉಂಟು. ಎಷ್ಟು ಕೊಟ್ಟಿತು, ಎಷ್ಟು ಪಡೆಯಿತು ಎಂಬುದು ಆಯಾ ಅಣುವಿನ ರಚನೆಯನ್ನು ಅವಲಂಬಿಸಿದೆ. ಆದುದರಿಂದ ಬೆಂಜೀನಿನ ಗೆರೆಗಳು ಬೆಂಜೀನಿಗೇ ಮೀಸಲು, ನೀರಿನವು ನೀರಿಗೆ. ಒಬ್ಬನ ಹೆಬ್ಬೆಟ್ಟಿನ ಗುರುತು ಇನ್ನೊಬ್ಬನಿಗೆ ಇಲ್ಲದಂತೆ. 1960ರಲ್ಲಿ ಲೇಸರ್ ಬೆಳಕು ಬಂದ ಮೇಲೆ ಈ ಕ್ರಮ ಎಷ್ಟೋ ಸುಲಭವಾಯಿತು. ಔಷಧಗಳ ಶುದ್ಧತೆಯನ್ನೂ ರತ್ನಗಳ ಸಾಚಾತನವನ್ನೂ ಅವುಗಳಿಗೆ ಧಕ್ಕೆಯಾಗದಂತೆ ಪರೀಕ್ಷಿಸಲು ಇಂದು ಇದನ್ನು ಬಳಸುತ್ತಾರೆ.

ಈ ಶೋಧನೆಯನ್ನು ಕುರಿತು ರಾಮನ್ ಪೂರ್ಣ ಉಪನ್ಯಾಸ ನೀಡಿದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1928ರ ಮಾರ್ಚ್ 16ರಂದು ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಆ ಸಭೆ ನೆರೆದಿತ್ತು. ಆ ತಿಂಗಳ ಕೊನೆಗೆ ಉಪನ್ಯಾಸವು ಮುದ್ರಿತವಾಗಿ, ಅದರ ಪ್ರತಿಗಳು ಹೊರದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು. ಈ ಅವಸರಕ್ಕೆ ಕಾರಣವಿಲ್ಲದಿರಲಿಲ್ಲ. ಅದೇ ವೇಳೆಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಸ್ಫಟಿಕದ ಹರಳುಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಪ್ರಕಟಿಸುವುದರಲ್ಲಿ ಹಿಂದೆ ಬಿದ್ದರು. ಜಗತ್ತು ಇದನ್ನು ರಾಮನ್ ಪರಿಣಾಮವೆಂದು ಕರೆಯಿತು. 1929ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಸರ್ ಪದವಿಯನ್ನಿತ್ತಿತು. 1930ರ ನೊಬೆಲ್ ಬಹುಮಾನ ತಮಗೆ ಬಂದೇ ಬರುವುದೆಂಬ ಭರವಸೆಯಿಂದ ಅವರು ಘೋಷಣೆಗೆ ಮೊದಲೇ ಹಡಗಿನ ಟಿಕೆಟ್ಟುಗಳನ್ನು ಕಾದಿರಿಸಿದ್ದರಂತೆ. ಆ ಭರವಸೆ ಹುಸಿಯಾಗಲಿಲ್ಲ. ವಿಜ್ಞಾನದಲ್ಲಿ ನೊಬೆಲ್ ಬಹುಮಾನ ಪಡೆದ ಏಷ್ಯದ ಮೊದಲ ವ್ಯಕ್ತಿ ಅವರು. ಡಿಸೆಂಬರ್ 10ರಂದು ಸ್ಟಾಕ್‌ಹೋಮಿನ ಸಭೆಯಲ್ಲಿ ತಮ್ಮ ದೇಶಕ್ಕೆ ಸ್ವಂತದ ಧ್ವಜವೊಂದಿಲ್ಲದೆ ಬ್ರಿಟಿಷ್ ಧ್ವಜದ ಕೆಳಗೆ ಕುಳಿತಿರಬೇಕಾಯಿತೆಂಬ ದುಃಖದಿಂದ ಅವರ ಕಣ್ಣು ತುಂಬಿ ಬಂದಿತು. ಆ ದೇಶದಲ್ಲಿ ಕಲಿತು, ಆ ದೇಶದಲ್ಲಿಯೇ ದುಡಿದು ಪಡೆದ ಗೌರವವದು, ದುಃಖ ಸಹಜವೇ.

ಬಹುಮಾನ ರಾಮನ್ನರೊಬ್ಬರಿಗೇ ದೊರೆಯಿತು. ಹಗಲಿರುಳು ಮಸೂರದ ಬಳಿ ನಿಂತು ದುಡಿದ ಕೃಷ್ಣನ್ನರ ಹೆಸರು ಜನರ ನಾಲಗೆಯ ಮೇಲೆ ಅಷ್ಟಾಗಿ ನಿಲ್ಲಲಿಲ್ಲ. ನೇಚರ್ ಪತ್ರಿಕೆಯಲ್ಲಿ 1928ರ ಮಾರ್ಚ್ 31ರಂದು ಅಚ್ಚಾದ ಮೊದಲ ಲೇಖನದಲ್ಲಿ ಗುರುಶಿಷ್ಯರಿಬ್ಬರ ಹೆಸರೂ ಇದೆ. ಕೃಷ್ಣನ್ ಮುಂದೆ ತಮ್ಮ ಸ್ವಂತ ಸಂಶೋಧನೆಗಳಿಂದ ಖ್ಯಾತರಾಗಿ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನವು ಅದಕ್ಕೆ ಹನ್ನೊಂದು ಎಕರೆ ಜಮೀನನ್ನು ದಾನವಾಗಿ ಕೊಟ್ಟಿತು. ದ್ರವದೊಳಗೆ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಹಾಯಿಸಿ, ಆ ದ್ರವದ ಮೂಲಕ ಬೆಳಕು ಹೇಗೆ ಹರಡುತ್ತದೆಂಬುದನ್ನು ನಾಗೇಂದ್ರನಾಥರೊಡನೆ ಕೂಡಿ ಇಲ್ಲಿಯೇ ವಿವರಿಸಿದರು. ಆದರೆ ಆಡಳಿತವು ಪ್ರಯೋಗದಷ್ಟು ಸರಳವಾಗಿರಲಿಲ್ಲ. ತಮಗೆ ಸರಿಯೆನಿಸಿದ್ದನ್ನು ಯಾರ ಮುಲಾಜನ್ನೂ ನೋಡದೆ ನಡೆಸುವ ಅವರ ಸ್ವಭಾವ ಹಲವರಿಗೆ ಒಗ್ಗಲಿಲ್ಲ. ಭಿನ್ನಾಭಿಪ್ರಾಯಗಳು ಬೆಳೆದು, 1937ರಲ್ಲಿ ಅವರು ನಿರ್ದೇಶಕರ ಹುದ್ದೆಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಮುಂದುವರಿದರು.

ಮಹಾಪುರುಷರಲ್ಲಿಯೂ ಕಾಲದ ಮಿತಿಗಳು ಇರುತ್ತವೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ವಿಜ್ಞಾನ ಮಂದಿರಕ್ಕೆ ಪ್ರವೇಶ ಕೋರಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಹಿಂಜರಿಯದೆ ಪಟ್ಟುಹಿಡಿದಾಗ, ಒಂದು ವರ್ಷದ ಪರೀಕ್ಷೆಯ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಶ್ರದ್ಧೆ ರಾಮನ್ನರ ಮನಸ್ಸನ್ನು ಬದಲಿಸಿತು. ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಆ ಮೇಲೆ ಅವರ ಬಳಿ ಸಂಶೋಧನೆಗೆ ಬಂದವರಲ್ಲಿ ಅಣ್ಣಾ ಮಣಿಯವರೊಬ್ಬರು. ರಾಮನ್ನರಿಗೆ ವಜ್ರಗಳೆಂದರೆ ಬಲು ಮೋಹ. ಒಡವೆಗಾಗಿ ಅಲ್ಲ, ಬೆಳಕು ಅವುಗಳೊಳಗೆ ಆಡುವ ಆಟಕ್ಕಾಗಿ. ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತವನ್ನು ಅಣ್ಣಾ ಮಣಿ ಛಾಯಾಫಲಕಗಳ ಮೇಲೆ ಹಿಡಿದರು. ಒಂದೊಂದು ಫಲಕಕ್ಕೂ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕನ್ನು ಉಣಿಸಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. ಇಷ್ಟಾದರೂ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ನೆಪದಿಂದ ಅವರ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ಸಿಗಲಿಲ್ಲ. ಅವರು ಅದಕ್ಕೆ ಎದೆಗುಂದದೆ ಹವಾಮಾನ ವಿಜ್ಞಾನದಲ್ಲಿ ದೊಡ್ಡ ಹೆಸರನ್ನು ಸಂಪಾದಿಸಿದರು.

ನಿವೃತ್ತಿಯ ಬಳಿಕ ರಾಮನ್ ಅಕಾಡೆಮಿಯ ಜಮೀನಿನಲ್ಲಿ ತಮ್ಮದೇ ಸಂಶೋಧನಾ ಮಂದಿರವನ್ನು ಕಟ್ಟಿದರು. ಸರಕಾರದ ಹಣ ಬಂದರೆ ಅದರ ಹಿಂದೆ ವರದಿಗಳು, ಕಟ್ಟಳೆಗಳು ಬರುವುವೆಂದು ತಿಳಿದು, ಊರೂರು ಅಲೆದು ದೇಣಿಗೆ ಕೂಡಿಸಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನರಸಿ ಬಂದಿತು. ಪ್ರಶಸ್ತಿಗಳಿಗಿಂತ ಮಂದಿರದ ಸುತ್ತಲಿನ ತೋಟ ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಗುಲಾಬಿಯ ಸಾಲುಗಳ ನಡುವೆ ತಲೆಗೆ ಪೇಟ ಸುತ್ತಿದ ಆ ವೃದ್ಧರು ನಡೆದಾಡುತ್ತ ಹೂವಿನ ಬಣ್ಣವೇಕೆ ಹೀಗೆ ಎಂದು ಮತ್ತೊಮ್ಮೆ ಕೇಳಿಕೊಂಡರು. ದಳಗಳ ಬಣ್ಣವನ್ನು ಅಸಿಟೋನಿನಲ್ಲಿ ಇಳಿಸಿ, ಆ ಬಣ್ಣದ ದ್ರವದ ಮೂಲಕ ಬೆಳಕನ್ನು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದರು. ಗಾಜಿನ ಮೇಲಿನ ಜೆಲಟಿನ್ ಪದರಕ್ಕೆ ಬಣ್ಣವುಣಿಸಿದ ಶೋಧಕವನ್ನು ಕಣ್ಣಿಗೆ ಹಿಡಿದು, ಬೆಳಗಿದ ಪರದೆಯನ್ನು ದಿಟ್ಟಿಸಿ, ಥಟ್ಟನೆ ಅದನ್ನು ಸರಿಸಿದಾಗ ಏನು ಕಾಣುತ್ತದೆಂದು ಪರೀಕ್ಷಿಸಿದರು. ದೃಷ್ಟಿಯನ್ನು ಕುರಿತ ಅವರ ಗ್ರಂಥ 1968ರಲ್ಲಿ ಹೊರಬಂದಿತು. ಅದರಲ್ಲಿನ ತೀರ್ಮಾನಗಳನ್ನು ವಿದ್ವಾಂಸರು ಒಪ್ಪಲಿಲ್ಲ. ಬಣ್ಣವನ್ನು ಅರಿಯಲು ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿವೆಯೆಂಬುದು ಅದಕ್ಕೆ ಮೊದಲೇ ಪ್ರಯೋಗಗಳಿಂದ ಸಿದ್ಧವಾಗಿತ್ತು. ರಾಮನ್ ಅದನ್ನು ಒಪ್ಪದೆ ಬೇರೆ ದಾರಿ ಹಿಡಿದಿದ್ದರು. ಎಂಬತ್ತರ ಅಂಚಿನಲ್ಲಿಯೂ ದೊಡ್ಡವರ ಮಾತನ್ನು ತಮ್ಮ ಕಣ್ಣಿನಿಂದಲೇ ಪರೀಕ್ಷಿಸಬೇಕೆಂಬ ಹಟ ಅವರನ್ನು ಬಿಟ್ಟಿರಲಿಲ್ಲ. ಅದೇ ಹಟ ನಾರ್ಕುಂಡ ಹಡಗಿನಲ್ಲಿ ಅವರನ್ನು ಗೆಲ್ಲಿಸಿತ್ತು. ಈ ಬಾರಿ ಗೆಲ್ಲಿಸಲಿಲ್ಲ.

1970ರ ಅಕ್ಟೋಬರ್ 2ರಂದು ರಾಮನ್ ತಮ್ಮ ಮಂದಿರದಲ್ಲಿ ವರ್ಷಂಪ್ರತಿ ನಡೆಸುತ್ತಿದ್ದ ಗಾಂಧಿ ಸ್ಮಾರಕ ಉಪನ್ಯಾಸವನ್ನು ನೀಡಿದರು. ಅದೇ ಅವರ ಕೊನೆಯ ಉಪನ್ಯಾಸವಾಯಿತು. ಕೆಲವು ವಾರಗಳಲ್ಲಿ ಹೃದಯದ ಬೇನೆ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಪ್ರಾಣ ಬಿಡಲು ಅವರಿಗೆ ಇಷ್ಟವಿರಲಿಲ್ಲ. ತಮ್ಮ ಮಂದಿರಕ್ಕೆ ಮರಳಿದರು. ನವೆಂಬರ್ 21ರ ಮುಂಜಾನೆ ಅವರು ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ಆಡಂಬರವಿಲ್ಲದೆ ಮಂದಿರದ ತೋಟದಲ್ಲಿಯೇ ದಹನಸಂಸ್ಕಾರ ನಡೆಯಿತು. ಆ ಸ್ಥಳದಲ್ಲಿ ಸಮಾಧಿಯನ್ನು ಕಟ್ಟಲಿಲ್ಲ. ಒಂದು ಮರವನ್ನು ನೆಟ್ಟರು.